ಗಾಳಿಗೆ ಅಡ್ಡ ನಿಂತ ಭುಜಣ್ಣ

ಮೊದಲೇ ಹೇಳ್ಬಿಡ್ತೀನಿ, ಈ ಕಥೇಲಿ ವಿಲನ್ ನಾನೇ. ಹೀರೋನೂ ನಾನೇ. ಡಬಲ್ ಆಕ್ಟಿಂಗು. ಮಧ್ಯದಲ್ಲಿ ವೇಷ ಬದಲಾಯಿಸೋಕೆ ಟೈಮ್ ಸಿಗಲಿಲ್ಲ ಅನ್ನೋದು ಬಿಟ್ರೆ ಮಿಕ್ಕಿದ್ದೆಲ್ಲ ಸೂಪರ್ ಆಗೇ ಹೋಯ್ತು.

ನಮ್ಮೂರಲ್ಲಿ ಯಾರೂ ಹಾಲಿಗೆ ಹೆಪ್ಪು ಹಾಕಲ್ಲ. ಹಾಲು ಕಾಯಿಸಿ, ಆರಿಸಿ, ಕಿಟಕೀಲಿಟ್ಟು ಮುಚ್ಚಳ ತೆಗೀತಾರೆ. ಸಂಜೆ ನಾಲ್ಕಕ್ಕೆ ಕೆರೆ ಕಡೆಯಿಂದ ಗಾಳಿ ಬರುತ್ತೆ, ಗಾಳಿ ಜೊತೆ ಅವ್ರು ಬರ್ತಾರೆ, ಹಾಲು ಮೊಸರಾಗುತ್ತೆ, ರುಬ್ಬಿಟ್ಟ ಹಿಟ್ಟು ಒಂದೇ ಗಂಟೇಲಿ ಉಬ್ಬುತ್ತೆ. ಅವ್ರು ಅಂದ್ರೆ ಗಾಳಿಯವರು. ಸ್ಕೂಲ್ ಮೇಷ್ಟ್ರು ಶಿವಲಿಂಗಯ್ಯನವರು ಒಂದ್ಸಲ ಅವ್ರನ್ನ ಬ್ಯಾಕ್ಟೀರಿಯಾ ಅಂದ್ರು. ನಮ್ಮ ಅಂಬುಜತ್ತೆ ಸೌಟು ಎತ್ಕೊಂಡು ಬಂದು, "ಮೇಷ್ಟ್ರೇ, ಮನೆಗೆ ಬರೋ ನೆಂಟರಿಗೆ ಅಡ್ಡಹೆಸರು ಇಡ್ತಾರಾ?" ಅಂತ ಕೇಳಿದ್ಳು. ಅವತ್ತಿಂದ ಮೇಷ್ಟ್ರು ಆ ಪಾಠ ಬಂದಾಗ ಕಿಟಕಿ ಹಾಕ್ಕೊಂಡು ಮೆಲ್ಲಗೆ ಹೇಳ್ತಾರೆ.

ಗಾಳಿಯವರು ಬಹಳ ನಾಜೂಕು ಕಣ್ರೀ. ಬಿಸಿಲು ಆಗಲ್ಲ, ಸುಟ್ಟು ಹೋಗ್ತಾರೆ. ಅದಕ್ಕೇ ಬೇಸಿಗೇಲಿ ನಮ್ಮ ಹಗ್ಗದ ಬೀದಿ ಉದ್ದಕ್ಕೂ ಒದ್ದೆ ಗೋಣಿತಾಟಿನ ಚಪ್ಪರ. ಹೊಸ ಮಳೆ ಬಂದ್ರೆ ನೆನೆದು ಕೆಳಗೆ ಕೂತ್ಬಿಡ್ತಾರೆ, ಆಗ ಪಾತ್ರೆಗಳನ್ನೆಲ್ಲ ಕಿಟಕಿಯಿಂದ ಇಳಿಸಿ ಜಗಲಿ ಮೇಲಿಡಬೇಕು. ಚಳೀಲಿ ಸೋಮಾರಿಗಳು. ಪಾತ್ರೆಗೆ ಮಂಕಿಕ್ಯಾಪ್ ಹಾಕಿ ಬಾಯಿ ಮಾತ್ರ ತೆಗೆದಿಡ್ತೀವಿ. ಕಲ್ಲುಕ್ವಾರಿ ಕಡೆ ಧೂಳೆದ್ರೆ ಆ ಧೂಳಿನ ಮೇಲೆ ಸವಾರಿ ಮಾಡ್ಕೊಂಡು ಬೇರೆ ಊರಿನ ಪುಂಡರೂ ಬರ್ತಾರೆ, ಅವತ್ತು ಇಡ್ಲಿ ತಿಂದ್ರೆ ಹಲ್ಲು ಜುಂ ಅನ್ನುತ್ತೆ. ನಾಲ್ಕಕ್ಕೆ ಕಾಲು ಗಂಟೆ ಇದೆ ಅನ್ನುವಾಗ ಬೀದೀಲಿ ಫ್ಯಾನು ಆಫ್, ಕಸ ಗುಡಿಸೋದು ಬಂದ್, ಬೀಡಿ ಬಂದ್, ಊದುಬತ್ತಿ ದೇವರಿಗೂ ಇಲ್ಲ. ನಾಲ್ಕರ ಬಸ್ಸು ನಮ್ಮ ಬೀದಿ ತಿರುವಿನಲ್ಲಿ ಇಂಜಿನ್ ಆಫ್ ಮಾಡುತ್ತೆ, ಪ್ಯಾಸೆಂಜರುಗಳೇ ಇಳಿದು ತಳ್ಕೊಂಡು ಹೋಗ್ತಾರೆ. ಟಿಕೆಟ್ ಹಿಂದೆಯೇ ಬರೆದಿದೆ, "ಹಗ್ಗದ ಬೀದೀಲಿ ತಳ್ಳತಕ್ಕದ್ದು" ಅಂತ. ಇನ್ನು ಫಿನಾಯಿಲ್ ಬಾಟ್ಲು ಕೈಲಿ ಹಿಡ್ಕೊಂಡು ಬೀದಿಗೆ ಬಂದ್ರೆ ಬಾಂಬ್ ಹಿಡ್ಕೊಂಡವನ ಥರ ನೋಡ್ತಾರೆ.

ಒಂದೊಂದು ಬೀದಿಗೆ ಅವರವರ ಗಾಳಿಯವರು. ನಮ್ಮೋರು ಕೆರೆ ಜೊಂಡಿನ ಮೇಲಿಂದ, ಹೊಂಗೆಮರದ ತೋಪಿನೊಳಗಿಂದ ಬರೋರು, ಸ್ವಲ್ಪ ಸಿಹಿ ಸ್ವಭಾವ. ಪಕ್ಕದ ಗಾಣದ ಬೀದಿಯೋರದ್ದು ಹಿಂಡಿ ವಾಸನೆ, ಅವರ ಮೊಸರು ಹೊತ್ತು ಮುಳುಗೋದ್ರೊಳಗೆ ಹುಳಿ. ಒಂದು ಬೀದಿಯೋರು ಇನ್ನೊಂದು ಬೀದಿಯ ಮೊಸರು ಬೇಡ್ಕೊಂಡು ತಂದು ಹೆಪ್ಪು ಹಾಕಿದ್ರೆ ಅದಕ್ಕಿಂತ ಅವಮಾನ ಇಲ್ಲ. ಮದುವೆ ಮನೇಲಿ ಚಪ್ಪಲಿ ಕದ್ದು ಸಿಕ್ಕಿಹಾಕ್ಕೊಂಡ ಹಾಗೆ.

ಬೀದಿಗೊಂದೇ ಹೋಟ್ಲು. ನಮ್ಮ ಬೀದೀದು ಅಂಬುಜತ್ತೇದು. ನಮ್ಮಪ್ಪನ ಅಕ್ಕ. ಅಪ್ಪ ಅಮ್ಮ ಹೋದ್ಮೇಲೆ ನನ್ನನ್ನ ಸಾಕಿದ್ದು ಆ ಇಡ್ಲಿ ಹಂಡೆ. ನಾನು ಹಿಟ್ಟು ರುಬ್ತೀನಿ, ಅವಳು ಬೇಯಿಸ್ತಾಳೆ, ಮಧ್ಯೆ ಮಧ್ಯೆ ನನ್ನನ್ನೂ ಬೇಯಿಸ್ತಾಳೆ. ಊರಿನ ಕಟ್ಟಲೆ ಏನಪ್ಪಾ ಅಂದ್ರೆ, ಮೂರು ದಿನ ಸತತ ಹಿಟ್ಟು ಉಬ್ಬದಿದ್ರೆ ಗಾಳಿಯವರು ಆ ಬೀದಿ ಮೇಲೆ ಮುನಿಸ್ಕೊಂಡಿದಾರೆ ಅಂತ. ಗಾಳಿ ಗುಮಾಸ್ತರು ಸಂಪಂಗಯ್ಯ ಬಂದು, ಒಲೆಗೆ ನೀರು ಹುಯ್ದು, ರುಬ್ಬೋ ಕಲ್ಲನ್ನ ಮಗುಚಿ ಹಾಕಿ ಹೋಗ್ತಾರೆ. ಆಮೇಲೆ ವರ್ಷ ಪೂರ್ತಿ ಬೀದಿಯೋರೆಲ್ಲ ಪಕ್ಕದ ಬೀದಿಗೆ ತಟ್ಟೆ ಹಿಡ್ಕೊಂಡು ಹೋಗ್ಬೇಕು.

ಇನ್ನು ನನ್ನ ವಿಷಯ. ಹೆಸರು ಪಾಲಾಕ್ಷ. ಕಸುಬು ರುಬ್ಬೋದು. ಹುದ್ದೆ, ಅಖಿಲ ಹಗ್ಗದ ಬೀದಿ ವೀರಭುಜ ಅಭಿಮಾನಿಗಳ ಸಂಘದ ಅಧ್ಯಕ್ಷ. ವೀರಭುಜ ಅಂದ್ರೆ ನಿಮಗೆ ಗೊತ್ತಿರಲೇಬೇಕು, ನಾವು ಪ್ರೀತಿಯಿಂದ ಭುಜಣ್ಣ ಅಂತೀವಿ. ಅಣ್ಣನ ಭುಜ ಇದೆಯಲ್ಲ ಗುರೂ, ಒಂದು ಭುಜದ ಮೇಲೆ ಹೀರೋಯಿನ್ ಕೂತ್ಕೊಂಡು ಇನ್ನೊಂದು ಭುಜದ ಮೇಲೆ ಅವಳ ಪೂರ್ತಿ ಸಂಸಾರ ಕೂತ್ಕೋಬಹುದು. ಆ ವಾರ ಶುಕ್ರವಾರ ಅಣ್ಣನ ಹೊಸ ಪಿಕ್ಚರು "ಗುಡುಗಪ್ಪನ ಮಗ" ನಮ್ಮ ಬೀದಿ ಟಾಕೀಸಿಗೆ ಬರ್ತಾ ಇತ್ತು.

ಅದಕ್ಕೆ ನಾವು ನಲವತ್ತಡಿ ಕಟೌಟ್ ಮಾಡಿಸಿದ್ವಿ. ಪ್ಲೈವುಡ್ಡು, ಸರ್ವೆ ಮರ, ಮೈದಾ ಅಂಟು. ಭುಜದ ಅಗಲ ಹದಿನೆಂಟಡಿ, ಅದು ನನ್ನ ಹಠ. ಕಾಲ ಹತ್ರ ದಪ್ಪಕ್ಷರದಲ್ಲಿ ಪಿಕ್ಚರಿನ ಡೈಲಾಗು: "ನನ್ನ ದಾಟಿ ಗಾಳೀನೂ ಮುಂದೆ ಹೋಗಲ್ಲ!"

ನಗಬೇಡಿ. ನನಗೆ ಆಗ ಹೊಳೀಲಿಲ್ಲ.

ಮಂಗಳವಾರ ಬೆಳಗ್ಗೆ ಟಾಕೀಸ್ ಮುಂದೆ ನಿಲ್ಲಿಸೋಕೆ ಹೋದ್ರೆ ಅಣ್ಣನ ತಲೆಗೆ ಕರೆಂಟ್ ತಂತಿ. ಸಂಘದ ಕಾರ್ಯದರ್ಶಿ ವೆಲ್ಡಿಂಗ್ ಬಶೀರ, "ಅಧ್ಯಕ್ಷರೇ, ಒಂದೋ ತಂತಿ ಕುಯ್ಯಬೇಕು, ಇಲ್ಲಾ ಅಣ್ಣನ ತಲೆ ಕುಯ್ಯಬೇಕು" ಅಂದ. ನಾನು ಸುತ್ತ ನೋಡಿದೆ. ಟಾಕೀಸ್ ಗೋಡೆಗೂ ಆ ಕಡೆ ಗೋದಾಮಿನ ಗೋಡೆಗೂ ಮಧ್ಯೆ ಒಂದು ಜಾಗ ಇದೆ, ಗಾಳಿಕಂಡಿ ಅಂತಾರೆ. ಕೆರೆ ಗಾಳಿ ನಮ್ಮ ಬೀದಿಗೆ ಬರೋದು ಅದೊಂದರಿಂದಲೇ. ಅಲ್ಲಿ ಇಟ್ಟಿಗೆ ಇಡಬಾರದು, ಕಂಬ ನೆಡಬಾರದು, ಬಟ್ಟೆ ಒಣಗಿಸೋ ಹಗ್ಗ ಕೂಡ ಕಟ್ಟಬಾರದು ಅಂತ ಕಟ್ಟಲೆ.

"ಅಲ್ಲಿ ಏನೂ ಕಟ್ಟಬಾರದು ಅಲ್ವಾ?" ಅಂದ ಬಶೀರ.

"ಕಟ್ಟಡ ಕಟ್ಟಬಾರದು. ಇದು ಕಟ್ಟಡಾನಾ? ಮನುಷ್ಯ ಕಣೋ. ಪಿಕ್ಚರ್ ನೋಡೋಕೆ ಬಂದು ನಿಂತಿದಾನೆ. ನಿಂತ ಮನುಷ್ಯನ್ನ ಯಾರಾದ್ರೂ ಬೇಡ ಅಂತಾರಾ?"

ಯಾರೂ ಬೇಡ ಅನ್ನಲಿಲ್ಲ. ಅಣ್ಣ ಕೆರೆ ಕಡೆ ಮುಖ ಮಾಡಿ, ಬೀದಿಗೆ ಬೆನ್ನು ತೋರಿಸಿ, ಗಾಳಿಕಂಡಿಗೆ ಅಳತೆ ತಗೊಂಡು ಹೊಲಿಸಿದ ಹಾಗೆ ಕೂತ್ಬಿಟ್ಟ. ಎಡಭುಜ ಟಾಕೀಸಿಗೆ, ಬಲಭುಜ ಗೋದಾಮಿಗೆ. ನನ್ನ ಕಣ್ಣಲ್ಲಿ ನೀರು ಬಂತು.

ಅವತ್ತು ನಾಲ್ಕಕ್ಕೆ ಬೀದಿಯೋರೆಲ್ಲ ಮುಚ್ಚಳ ತೆಗೆದ್ರು. ಐದಾಯ್ತು. ಆರಾಯ್ತು. ಹಾಲು ಹಾಲಾಗೇ ಇತ್ತು. ಹಂಡೆ ಹಿಟ್ಟು ಎಲ್ಲಿ ಬಿಟ್ಟಿದ್ನೋ ಅಲ್ಲೇ ಇತ್ತು, ಪರೀಕ್ಷೆ ಹಾಲಲ್ಲಿ ಕೂತ ನನ್ನ ಥರ, ತೆಪ್ಪಗೆ. ಬುಧವಾರ ಬೆಳಗ್ಗೆ ಅತ್ತೆ ಬೇಯಿಸಿದ ಇಡ್ಲಿ ಟೈಲರ್ ನಾಗಭೂಷಣಣ್ಣ ತಿಂದು, "ಅಂಬುಜಮ್ಮ, ಇದಕ್ಕೆ ನಾಲ್ಕು ತೂತು ಹೊಡೆದು ಕೊಡಿ, ಕೋಟಿಗೆ ಗುಂಡಿ ಮಾಡ್ಕೋತೀನಿ" ಅಂದ್ರು.

ಸಂಪಂಗಯ್ಯನವರು ಬಂದ್ರು. ಕೈಲಿ ಹಿತ್ತಾಳೆ ಕಡ್ಡಿ, ಕಂಕುಳಲ್ಲಿ ಛತ್ರಿ. ಆ ಛತ್ರಿ ಅವರು ಮಳೇಲೂ ಬಿಚ್ಚಲ್ಲ, ಗಾಳಿಗೆ ಅಡ್ಡ ಆಗುತ್ತಂತೆ. ನಲವತ್ತಡಿ ಭುಜಣ್ಣನ ಕಾಲ ಹತ್ರಾನೇ ಸುತ್ತಿ ಬಳಸಿ ಬಂದ್ರು, ತಲೆ ಎತ್ತಿ ಕೂಡ ನೋಡಲಿಲ್ಲ. ಸಿನಿಮಾದವರನ್ನ ನೋಡೋದು ಅವರ ಅಂತಸ್ತಿಗೆ ಕಮ್ಮಿ. ಹಿಟ್ಟಿಗೆ ಕಡ್ಡಿ ಅದ್ದಿದ್ರು, ಹಂಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದ್ರು. "ಒಂದು" ಅಂದ್ರು. ಗುರುವಾರ ಮತ್ತೆ ಬಂದ್ರು. "ಎರಡು. ನಾಳೆ ಸಂಜೆ ಐದಕ್ಕೆ ಬರ್ತೀನಿ ಅಂಬುಜಮ್ಮ. ಕಲ್ಲು ಮಗುಚೋಕೆ ನಾಲ್ಕಾಳು ಕರ್ಕೊಂಡೇ ಬರ್ತೀನಿ, ನೀವು ತೊಂದರೆ ತಗೋಬೇಡಿ."

ಅತ್ತೆ ಹಂಡೆ ಮುಚ್ಚಿ ಒಳಗೆ ಹೋದ್ಳು. ನನಗೆ ಬಯ್ಯಲೂ ಇಲ್ಲ. ಅದು ನೋಡಿ ನನಗೆ ನಿಜವಾಗಿ ಹೆದರಿಕೆ ಆಯ್ತು.

ಈಗ ನೀವು ಕೇಳ್ತೀರ, ಅಲ್ಲಯ್ಯ, ಗಾಳಿ ಯಾಕೆ ಬರ್ಲಿಲ್ಲ ಅಂತ ಒಬ್ಬರಾದ್ರೂ ತಲೆ ಎತ್ತಿ ನೋಡಬಾರದಾ ಅಂತ. ನಮ್ಮೂರಲ್ಲಿ ಹಿಟ್ಟು ಉಬ್ಬದಿದ್ರೆ ಯಾರೂ ಮೇಲೆ ನೋಡಲ್ಲ, ಪಕ್ಕದವರ ಮುಖ ನೋಡ್ತಾರೆ. ಬೀದೀಲಿ ಯಾರೋ ಏನೋ ಮುಚ್ಚಿಟ್ಟಿದಾರೆ, ಅದಕ್ಕೇ ಗಾಳಿಯವರು ಬರ್ತಿಲ್ಲ ಅಂತ ತಲೆತಲಾಂತರದ ನಂಬಿಕೆ. ಆಗ ಬೀದಿಯೋರೆಲ್ಲ ನಲ್ಲಿ ಹತ್ರ ಸೇರಬೇಕು, ಒಬ್ಬೊಬ್ಬರೇ ಬಾಯಿ ಬಿಡಬೇಕು. ಗುರುವಾರ ಸಂಜೆ ಸೇರಿದ್ವಿ.

ಮೊದಲು ನಾಗಭೂಷಣಣ್ಣ. "ಎಲ್ಲರ ರವಿಕೆ ಬಟ್ಟೇಲೂ ನಾಲ್ಕು ಬೆರಳು ಉಳಿಸ್ಕೊಂಡಿದೀನಿ. ಮನೇಲಿ ಕೌದಿ ಆಗಿದೆ. ಎರಡು." ಹೆಂಗಸರು ಆ ಕೌದಿ ತರಿಸಿ, ಇದು ನಂದು, ಅದು ನಂದು ಅಂತ ಬಣ್ಣ ಗುರುತು ಹಿಡಿಯೋಷ್ಟರಲ್ಲಿ ಅರ್ಧ ಗಂಟೆ ಹೋಯ್ತು. ಆಮೇಲೆ ಮೇಷ್ಟ್ರು. "ಹನ್ನೊಂದು ವರ್ಷದಿಂದ ಏಳನೇ ಕ್ಲಾಸಿನ ಗಣಿತದ ಕೊನೇ ಪಾಠ ನನಗೆ ಅರ್ಥ ಆಗಿಲ್ಲ. ಅದಕ್ಕೇ ಪ್ರತಿ ವರ್ಷ ಆ ವಾರ ನನಗೆ ಜ್ವರ." ಅವರ ಹೆಂಡತಿ, "ಅಯ್ಯೋ ಪಾಪಿ, ಹನ್ನೊಂದು ವರ್ಷ ಕಷಾಯ ಕಾಯಿಸಿದ್ನಲ್ರೀ!" ಅಂತ ಅಲ್ಲೇ ಶುರು ಮಾಡಿದ್ರು.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದ್ರು. ನಾನು ಎದ್ದು ಕಾಲರ್ ಎತ್ತಿ, "ತಪ್ಪು ಮಾಡೋಕೆ ಗುಂಡಿಗೆ ಬೇಕು, ಒಪ್ಕೊಳ್ಳೋಕೆ ಎರಡು ಗುಂಡಿಗೆ ಬೇಕು!" ಅಂದೆ.

"ಡೈಲಾಗ್ ಬೇಡ, ವಿಷಯ ಬೊಗಳು" ಅಂದ್ಳು ಅತ್ತೆ.

ಬೊಗಳಿದೆ. ನಾಗಭೂಷಣಣ್ಣನ ಹಾಲಿನ ಪಾತ್ರೇಲಿ ಸುಣ್ಣದ ನೀರು ಇಟ್ಟಿದ್ದು ನಾನು. ಅವರ ಗಿಣಿಗೆ "ಬಂದ್ರು, ಬಂದ್ರು" ಅಂತ ಕಲಿಸಿ, ಮಟಮಟ ಮಧ್ಯಾಹ್ನ ಇಡೀ ಬೀದಿ ಮುಚ್ಚಳ ತೆಗೆಸಿದ್ದು ನಾನು. ಬಶೀರನ ಅಜ್ಜಿಗೆ, ಗಾಳಿಯವರಿಗೆ ಈಗ ಸಂಗೀತ ಬೇಕಂತೆ ಅಂತ ಹೇಳಿ, ಒಂದು ತಿಂಗಳು ಪಾತ್ರೆ ಮುಂದೆ ಸೋಬಾನೆ ಹಾಡಿಸಿದ್ದು ನಾನು. ಹನ್ನೊಂದು ಐಟಂ ಇತ್ತು, ಎಂಟನೇದಕ್ಕೆ ಪೊರಕೆ ಬಿತ್ತು. ಅಜ್ಜಿ ಮಾತ್ರ, "ಹಾಡಿದ್ದಕ್ಕೆ ಮೊಸರು ಗಟ್ಟಿ ಆಗ್ತಿತ್ತು ಕಣೋ, ಸುಳ್ಳು ಹೇಳ್ಬೇಡ" ಅಂತ ನನ್ನನ್ನೇ ಗದರಿಸ್ತು.

ಕೊನೇಗೆ ಉಳಿದಿದ್ದು ಅತ್ತೆ.

"ನಂದೇನೂ ಇಲ್ಲ" ಅಂದ್ಳು.

"ಏನೂ ಇಲ್ವಾ ಅಂಬುಜಮ್ಮ?" ಅಂದ್ರು ಮೇಷ್ಟ್ರು.

"ಇಲ್ಲ ಅಂದ್ನಲ್ಲ."

ಆದ್ರೆ ಹೇಳುವಾಗ ಸೆರಗಿನ ತುದೀನ ಬೆರಳಿಗೆ ಸುತ್ತುತ್ತಾ ಇದ್ಳು. ಇಡೀ ಬೀದಿ ನೋಡ್ತು, ನಾನೂ ನೋಡಿದೆ. ಒಬ್ಬೊಬ್ಬರಾಗಿ ಎದ್ದು ಹೊರಟ್ರು. ಹೋಗ್ತಾ ಹೋಗ್ತಾ ಬಶೀರನ ಅಜ್ಜಿ, "ಒಬ್ಬಳ ಬಾಯಿಗೆ ಬೀಗ, ಊರ ಹೊಟ್ಟೆಗೆ ಬೀಗ" ಅಂತ ಯಾರಿಗೂ ಅಲ್ಲದ ಹಾಗೆ ಹೇಳ್ತು. ಅತ್ತೆ ಕೇಳಿಸ್ಕೊಂಡೂ ಕೇಳಿಸದವಳ ಥರ ಒಲೆ ಬೂದಿ ಬಳಿದಳು. ನಲವತ್ತೆಂಟು ವರ್ಷದ ಆ ಹೆಂಗಸಿಗೆ ಆ ಒಲೆ, ಆ ಕಲ್ಲು, ನಾನು, ಮೂರೇ ಆಸ್ತಿ. ಅದರಲ್ಲಿ ಎರಡು ನಾಳೆ ಐದಕ್ಕೆ ಹೋಗ್ತಿತ್ತು. ಉಳಿಯೋದು ಯಾವುದು ಅಂತ ನೆನೆಸ್ಕೊಂಡ್ರೆ ನನಗೇ ಅವಳ ಬಗ್ಗೆ ಅಯ್ಯೋ ಅನ್ನಿಸ್ತು.

ಶುಕ್ರವಾರ ಬಂತು. ಬೆಳಗ್ಗೆ ಎಂಟಕ್ಕೆ ಅಣ್ಣನಿಗೆ ಹಾಲಿನ ಅಭಿಷೇಕ. ಮೊಸರಾಗದೆ ಉಳಿದಿದ್ದ ಹಾಲು ಬೇಕಾದಷ್ಟಿತ್ತು, ಬೀದಿಯೋರೇ ಕೊಟ್ರು. ಇಪ್ಪತ್ತೆರಡು ಲೀಟರು. ಅಣ್ಣನ ಮುಂದೆ ಹತ್ತೋಕೆ ಅಂತ ಮರ ಕಟ್ಟಿ ಮಾಡಿದ್ದ ಸಾರ್ವೆ ನಾನೇ ಏರಿ ತಲೆ ಮೇಲಿಂದ ಹುಯ್ದೆ. ಅಣ್ಣನ ಕೆನ್ನೆ, ಮೀಸೆ, ಗಲ್ಲ, ಹಾರದ ಸಂದು, ಎಲ್ಲ ಕಡೆ ಹಾಲು ಇಳೀತು. ಕೆಳಗಿಂದ ಶಿಳ್ಳೆ. ಮನಸ್ಸಲ್ಲಿ ಮಾತ್ರ ಹಂಡೆ ಮೇಲಿನ ಎರಡು ಗೀಟು.

"ಅತ್ತೆ, ನಾನು ಶೋಗೆ ಹೋಗಲ್ಲ" ಅಂದೆ.

"ಹೋಗೋ. ಇಲ್ಲಿದ್ದು ಏನು ಕಡಿದು ಗುಡ್ಡೆ ಹಾಕ್ತೀಯ? ನನಗೂ ಶುಕ್ರವಾರದ ಪೂಜೆ ಇದೆ, ಗುಡಿಗೆ ಹೋಗ್ತೀನಿ." ಅವಳ ಶುಕ್ರವಾರದ ಪೂಜೆ ನನಗೆ ಗೊತ್ತಿದ್ದಂಗೆ ಇಪ್ಪತ್ತು ವರ್ಷದ್ದು. ವಾರ ವಾರ ಅಲ್ಲ, ಯಾವಾಗಲೋ ಒಂದೊಂದು ಶುಕ್ರವಾರ. ದೇವಿ ಕರೆದಾಗ ಹೋಗ್ತೀನಿ ಅಂತಿದ್ಳು.

ಮಧ್ಯಾಹ್ನ ಒಂದಕ್ಕೆ ಶೋ ಶುರು. ಮೊದಲರ್ಧ ಹೇಗಿತ್ತು ಅಂತ ಕೇಳಿ ಗುರೂ, ಬೆಂಕಿ! ಗುಡುಗಪ್ಪನನ್ನ ವಿಲನ್ ಸೇತುವೆ ಮೇಲಿಂದ ತಳ್ತಾನೆ, ಅಣ್ಣನ ಕೈಗೆ ಒಂದು ಪೆಟ್ಟಿಗೆ ಸಿಗುತ್ತೆ, ಅಣ್ಣ ಪೆಟ್ಟಿಗೆ ಮುಚ್ಚಳಕ್ಕೆ ಕೈ ಹಾಕಿದ ಅನ್ನೋಷ್ಟರಲ್ಲಿ ಇಂಟರ್‌ವಲ್. ನಾನು ಸೋಡಾಕ್ಕೆ ಅಂತ ಹೊರಗೆ ಬಂದೆ. ಲೇಡೀಸ್ ಕ್ಲಾಸಿನ ಬಾಗಿಲಿಂದ ಒಬ್ಬ ಹೆಂಗಸು ತಲೆ ತುಂಬ ಸೆರಗು ಹೊದ್ದು, ಕಡ್ಲೆಕಾಯಿ ಪೊಟ್ಟಣ ಹಿಡ್ಕೊಂಡು ಬಂದ್ರು. ಆ ನಡಿಗೆ ನಾನು ಎಲ್ಲಿ ನೋಡಿದ್ರೂ ಗುರುತು ಹಿಡೀತೀನಿ, ಆ ನಡಿಗೆ ಬಂದ್ರೆ ಹಿಂದೆ ಸೌಟು ಬರುತ್ತೆ.

"ಅತ್ತೇ?"

"ಮೆಲ್ಲಗೆ ಮಾತಾಡೋ ಅಡ್ನಾಡಿ!"

"ಪೂಜೆ ಅಂದೆ?"

"ಇದೇ ಪೂಜೆ." ಅತ್ತೆ ಮುಖ ಕೆಂಪಗಾಯ್ತು. "ಇಪ್ಪತ್ತೆರಡು ವರ್ಷದಿಂದ. ಅವನ ಒಂದು ಪಿಕ್ಚರೂ ಬಿಟ್ಟಿಲ್ಲ. ಎಲ್ಲಾದಕ್ಕೂ ಫಸ್ಟ್ ಶೋ."

"ಮತ್ತೆ ನನಗೆ ದಿನಾ ಬಯ್ತೀಯಲ್ಲ, ಆ ಭುಜಗೇಡಿ ಹಿಂದೆ ತಿರುಗಿ ಹಾಳಾದೆ ಅಂತ?"

"ಹೋಟ್ಲು ನಡೆಸೋಳು ನಾನು. ಶಿಳ್ಳೆ ಹೊಡೀತಾ ಕೂತ್ರೆ ಯಾರು ನನ್ನ ಕೈಯಿನ ಇಡ್ಲಿ ತಿಂತಾರೆ? ಕಲ್ಲು ಮಗುಚೋದಂತೂ ಮಗುಚ್ತಾರೆ, ಅಷ್ಟರೊಳಗೆ ಇದೊಂದು ನೋಡ್ಬಿಡೋಣ ಅಂತ ಬಂದೆ." ಅಂದವಳು ಥಟ್ಟನೆ ನಿಂತ್ಳು. ಮೂಗು ಮೇಲೆತ್ತಿ ಒಂದ್ಸಲ ಎಳೆದಳು. ಇನ್ನೊಂದ್ಸಲ ಎಳೆದಳು. "ಲೋ ಪಾಲಾಕ್ಷ. ನಮ್ಮೋರು."

"ಯಾರು?"

"ನಮ್ಮೋರ ವಾಸನೆ ಕಣೋ! ಇಲ್ಲೇ ಎಲ್ಲೋ ಇದಾರೆ."

ಟಾಕೀಸಿನ ಪಕ್ಕದ ಗೇಟಿಂದ ಕೆರೆ ಕಡೆಗೆ ಹೋದ್ಳು, ಹಿಂದೆ ನಾನು. ಗೋಡೆ ದಾಟಿ ತಿರುಗಿ ನೋಡಿದ್ರೆ, ಅಯ್ಯಪ್ಪಾ! ಬೆಳಗ್ಗೆ ಮೀಸೆ ಮಾತ್ರ ಇದ್ದ ಭುಜಣ್ಣನಿಗೆ ಎದೆ ಮಟ್ಟ ಬಿಳೀ ಗಡ್ಡ ಬಂದ್ಬಿಟ್ಟಿದೆ. ಹಾರದ ನೆರಳಲ್ಲಿ, ಗಲ್ಲದ ಕೆಳಗೆ, ಅಂಟಿನ ಒದ್ದೆ ಆರದ ಜಾಗದಲ್ಲೆಲ್ಲ ಹಾಲು ಹೆಪ್ಪುಗಟ್ಟಿ, ಗಟ್ಟಿ ಮೊಸರು ಗೊಂಚಲು ಗೊಂಚಲಾಗಿ ನೇತಾಡ್ತಿದೆ. ಬಿಸಿಲು ಬಿದ್ದ ಹಣೆ ಮಾತ್ರ ಬೋಳು. ನಾನು ಸಾರ್ವೆ ಏರಿ, ಗಲ್ಲದಿಂದ ಒಂದು ಹಿಡಿ ಕಿತ್ತು ತಂದೆ. ಅತ್ತೆ ಬೆರಳಲ್ಲಿ ತಗೊಂಡು ನಾಲಿಗೆ ಮೇಲಿಟ್ಟು ಕಣ್ಣು ಮುಚ್ಚಿದ್ಳು.

"ಜೊಂಡು. ಹೊಂಗೆ ಹೂವು. ಆಮೇಲೆ ಸಿಹಿ." ಕಣ್ಣು ಬಿಟ್ಟಾಗ ನೀರು. "ನಮ್ಮೋರು ಮುನಿಸ್ಕೊಂಡಿಲ್ಲ ಕಣೋ. ಮೂರು ದಿನದಿಂದ ಬಾಗಿಲಲ್ಲೇ ನಿಂತಿದಾರೆ. ಯಾರೋ ಬಾಗಿಲಿಗೆ ಅಡ್ಡ ನಿಂತ್ಬಿಟ್ಟಿದಾನೆ."

ಇಬ್ಬರೂ ತಲೆ ಎತ್ತಿ ಭುಜ ನೋಡಿದ್ವಿ. ಆ ಭುಜದಿಂದ ಈ ಭುಜದವರೆಗೆ. ಆಮೇಲೆ ಕಾಲ ಹತ್ರದ ಡೈಲಾಗು ಓದಿದ್ವಿ. ಅತ್ತೆ ನನ್ನ ಕಡೆ ತಿರುಗಿದ್ಳು.

"ಇಲ್ಲಿ ನಿಲ್ಸಿದ್ದು ಯಾರು?"

ಬಾಯಲ್ಲಿ ಮೂರು ಡೈಲಾಗ್ ಬಂತು, ಮೂರನ್ನೂ ನುಂಗಿದೆ. "ನಾನು" ಅಂದೆ.

ಒಳಗೆ ಇಂಟರ್‌ವಲ್ ಬೆಲ್ ಹೊಡೀತು. ಪೆಟ್ಟಿಗೇಲಿ ಏನಿತ್ತು ಅಂತ ತೋರಿಸೋ ಬೆಲ್ಲು ಗುರೂ ಅದು! ಜನ ಎಲ್ಲ ಒಳಗೆ ನುಗ್ಗಿದ್ರು. ಕಟೌಟ್ ಇಳಿಸೋಕೆ ಇಪ್ಪತ್ತಾಳು ಬೇಕು, ಆ ಇಪ್ಪತ್ತಾಳೂ ಒಳಗೆ ಪಿಕ್ಚರ್ ನೋಡ್ತಿದಾರೆ. ಹೊರಗಿರೋದು ನಾನು, ಅತ್ತೆ, ಸಾರ್ವೆ ಕೆಳಗೆ ಬಡಗಿ ಬಿಟ್ಟು ಹೋದ ಒಂದು ಗರಗಸ. ಅತ್ತೆ ಗರಗಸ ನೋಡಿದ್ಳು, ನಾನು ಅಣ್ಣನ ಎದೆ ನೋಡಿದೆ.

"ಸಂಘದೋರು ನನ್ನ ಚರ್ಮ ಸುಲೀತಾರೆ ಅತ್ತೆ."

"ಬೇಡ ಅಂದ್ರೆ ಬಿಡು. ನಾನೇ ಹತ್ತೀನಿ." ಸೀರೆ ಎತ್ತಿ ಕಟ್ಟಿದ್ಳು, ನಿಜವಾಗಲೂ ಹತ್ತೋಳೇ. ನಾನು ಗರಗಸ ಕಸ್ಕೊಂಡು ಏರಿದೆ.

ಗಂಟಲಿಂದ ಸೊಂಟದವರೆಗೆ, ಎರಡು ಬಾಗಿಲಿನಷ್ಟು ಉದ್ದ, ಎರಡು ಬಾಗಿಲಿನಷ್ಟು ಅಗಲ ಕುಯ್ದೆ. ಗೋಡೆ ಆಚೆಯಿಂದ ಅಣ್ಣನ ದನಿ, ಶಿಳ್ಳೆ, ಚಪ್ಪಾಳೆ ಕೇಳ್ತಾನೇ ಇತ್ತು. ಒಳಗೆ ಅಣ್ಣ ನೂರು ಜನಕ್ಕೆ ಬಾರಿಸ್ತಿದ್ದ, ಹೊರಗೆ ನಾನು ಅಣ್ಣನಿಗೆ ಬಾರಿಸ್ತಿದ್ದೆ. ಕೊನೇ ತುಂಡು ಪ್ಲೈವುಡ್ಡು ಕೆಳಗೆ ಬೀಳೋದಕ್ಕೂ ಶೋ ಬಿಡೋದಕ್ಕೂ ಸರಿ ಹೋಯ್ತು.

ಬಶೀರ ಮೊದಲು ನೋಡಿದ. ಭುಜಣ್ಣನ ಎದೇಲಿ ದೊಡ್ಡ ಕಂಡಿ, ಕಂಡಿ ಒಳಗಿಂದ ಗರಗಸ ಹಿಡಿದ ನಾನು.

"ಲೇ ಪಾಲಾಕ್ಷಾ! ಅಣ್ಣನ ಎದೆ ಬಗೆದ್ಯೇನೋ ಪಾಪಿ!"

"ಆಂಜನೇಯನೂ ಎದೆ ಬಗೆದು ತೋರಿಸಿದ, ಯಾರಾದ್ರೂ ತಪ್ಪು ಅಂದ್ರಾ?" ಅಂದೆ.

"ಅವನು ಅವನ ಎದೆ ಬಗೆದ ಕಣೋ! ಇಳಿಯೋ ಕೆಳಗೆ!" ಅಂತ ಸಾರ್ವೆ ಹಿಡಿದು ಅಲ್ಲಾಡಿಸೋಕೆ ಶುರು ಮಾಡಿದ್ರು. ನಾನು ಭುಜಣ್ಣನ ಪಕ್ಕೆಲುಬು ತಬ್ಕೊಂಡು, ಗಾಳಿ ಅಡ್ಡ ಆಗಿತ್ತು ಕಣ್ರೋ, ಹೋಟ್ಲು ಹೋಗುತ್ತೆ, ಗಾಳಿಯವರು ಇಲ್ಲೇ ಇದಾರೆ, ಗಡ್ಡ ನೋಡ್ರೋ ಅಂತ ಕಿರುಚಿದೆ. ಒಬ್ಬನೂ ನಂಬಲಿಲ್ಲ. ಹೇಗೆ ನಂಬ್ತಾರೆ, ಹಿಂದಿನ ದಿನ ತಾನೇ ಹನ್ನೊಂದು ಸುಳ್ಳು ಒಪ್ಕೊಂಡಿದ್ದೆ. "ಇದು ಹನ್ನೆರಡನೇದು!" ಅಂದ ಬಶೀರ. "ಮೊಸರು ನೀನೇ ಮೆತ್ತಿದೀಯ!"

ಆಗ ಅತ್ತೆ ಮುಂದೆ ಬಂದ್ಳು. ತಲೆ ಮೇಲಿನ ಸೆರಗು ತೆಗೆದಳು. ಗಲಾಟೆ ಕೇಳಿ ಬೀದಿಯೋರೆಲ್ಲ ಅಷ್ಟೊತ್ತಿಗೆ ಸೇರಿದ್ರು.

"ನಿನ್ನೆ ನಲ್ಲಿ ಹತ್ರ ನಾನು ಬಾಯಿ ಬಿಡಲಿಲ್ಲ. ಈಗ ಬಿಡ್ತೀನಿ" ಅಂದ್ಳು. "ನಾನು ಭುಜಣ್ಣನ ಅಭಿಮಾನಿ. ಇಪ್ಪತ್ತೆರಡು ವರ್ಷದಿಂದ."

ಯಾರೋ ಕಿಸಕ್ಕನೆ ನಕ್ರು. ಬಶೀರ, "ಅಮ್ಮಾ, ಅಣ್ಣ ಬಂದು ಹದಿನೆಂಟೇ ವರ್ಷ ಆಗಿದ್ದು. ಹೋದ ತಿಂಗಳು ನಾವೇ ಕೇಕ್ ಕುಯ್ದ್ವಿ" ಅಂದ.

"ಹದಿನೆಂಟು ಅವನು ಹೀರೋ ಆಗಿ. ಅದಕ್ಕೂ ನಾಲ್ಕು ವರ್ಷ ಮುಂಚೆ ಒಂದು ಪಿಕ್ಚರಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದ. ಒಂದೇ ಸೀನು. ಆ ಪಿಕ್ಚರ್ ಇಲ್ಲಿ ಮೂರೇ ದಿನ ಓಡ್ತು, ನಾನು ಮೂರು ದಿನಾನೂ ಹೋದೆ. ನನ್ನ ಯಜಮಾನರು ಹೋಗಿ ಮೂರು ತಿಂಗಳಾಗಿತ್ತು. ಬಾಗಿಲು ಹಾಕ್ಕೊಂಡು ಕೂತಿದ್ದೆ." ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು, ಹೆಗಲ ಮೇಲೆ ಇಲ್ಲದ ಚೀಲ ಸರಿ ಮಾಡ್ಕೊಂಡು, ಗಾಳೀಲೇ ಬಾಗಿಲು ತಟ್ಟಿದ್ಳು. ಭುಜಣ್ಣನ ದನಿ ಗುರೂ, ಪಕ್ಕಾ ಭುಜಣ್ಣನ ದನಿ, ಆದ್ರೆ ಆರ್ಭಟ ಇಲ್ಲ. "ಅಮ್ಮಾ, ಬಾಗಿಲು ತೆಗೀರಿ. ಬಹಳ ದೂರದಿಂದ ನಿಮಗೋಸ್ಕರ ಬಂದಿದೆ."

ಒಂದು ಶಿಳ್ಳೆ ಕೂಡ ಇಲ್ಲ. ನಮ್ಮಲ್ಲಿ ಒಬ್ಬನಿಗೂ ಆ ಪಿಕ್ಚರ್ ಗೊತ್ತಿರಲಿಲ್ಲ. ಬಶೀರ ಸಾರ್ವೆಯಿಂದ ಕೈ ತೆಗೆದ. ಮೂಗು ಒರೆಸ್ಕೊಂಡು, "ಅಮ್ಮಾ, ಇನ್ನೊಂದ್ಸಲ ಹೇಳಿ" ಅಂದ.

ಅವಳು ಹೇಳೋದಕ್ಕೆ ಬಾಯಿ ತೆಗೆದಳು, ಅಷ್ಟರಲ್ಲಿ ಬೀದಿ ತಿರುವಿನಲ್ಲಿ ಬಸ್ಸಿನ ಇಂಜಿನ್ ಆಫ್ ಆಯ್ತು. ನಾಲ್ಕು. ಜೊಂಡು ಬಾಗಿತು, ಹೊಂಗೆ ತೋಪು ಬುರ್ರ್ ಅಂತು, ನನ್ನ ಅಂಗಿ ಬಲೂನಾಯ್ತು. ಗಾಳಿ ಭುಜಣ್ಣನ ಎದೆ ಒಳಗಿಂದ ನುಗ್ಗಿ, ನನ್ನನ್ನ ಕಂಡಿಯಿಂದ ಬೀದಿ ಕಡೆ ಗೋಣಿತಾಟಿನ ಚಪ್ಪರದ ಮೇಲೆ ಎತ್ತಿ ಹಾಕ್ತು. ಚಪ್ಪರ ಹರಿದು ಕೆಳಗೆ ಜಗಲಿ ಮೇಲೆ ಹಾಸಿದ್ದ ನಾಗಭೂಷಣಣ್ಣನ ಕೌದಿ ಮೇಲೆ ಬಿದ್ದೆ. ಮಲ್ಕೊಂಡೇ ನೋಡಿದೆ, ಬೀದಿ ಉದ್ದಕ್ಕೂ ಪಟಪಟ ಮುಚ್ಚಳ ತೆಗೀತಿದ್ರು. "ಬಂದ್ರು, ಬಂದ್ರು!" ಅಂತು ಗಿಣಿ. ಜೀವಮಾನದಲ್ಲಿ ಮೊದಲ ಸಲ ನಿಜ ಹೇಳ್ತು.

ಐದಕ್ಕೆ ಸಂಪಂಗಯ್ಯನವರು ನಾಲ್ಕಾಳು ಕರ್ಕೊಂಡು ಬಂದ್ರು. ಹಂಡೆ ಮುಚ್ಚಳ ತಾನೇ ಎದ್ದು, ಹಿಟ್ಟು ಉಕ್ಕಿ, ಸೀಮೆಸುಣ್ಣದ ಎರಡು ಗೀಟಿನ ಮೇಲೂ ಇಳಿದು ಅಳಿಸಿ ಹಾಕಿತ್ತು. ಹಿತ್ತಾಳೆ ಕಡ್ಡಿ ಅದ್ದೋಕೆ ಹೋದ್ರು, ಹಿಟ್ಟು ಅವರ ಮೊಣಕೈವರೆಗೂ ಬಂತು. ಕಲ್ಲು ಮಗುಚೋಕೆ ಬಂದ ನಾಲ್ಕಾಳು ತಲಾ ಹನ್ನೆರಡು ಇಡ್ಲಿ ತಿಂದು ಹೋದ್ರು.

ಗುಮಾಸ್ತರು ಪುಸ್ತಕ ತೆಗೆದು, "ಕಾರಣ ಏನು ಅಂತ ಬರೀಲಿ?" ಅಂದ್ರು. ನಾನು, ಗಾಳಿಕಂಡಿ ತೆರೆದದ್ದು ಅಂತ ಬರೀರಿ ಅಂದೆ. ಬೀದಿಯೋರೆಲ್ಲ, ಅಲ್ಲ, ಅಂಬುಜಮ್ಮ ಬಾಯಿ ಬಿಟ್ಟಿದ್ದು ಅಂತ ಬರೀರಿ ಅಂದ್ರು. ಬಾಯಿ ಬಿಟ್ಟ ಮರುಕ್ಷಣವೇ ಗಾಳಿ ಬಂತಲ್ಲ, ಕಣ್ಣಾರೆ ಕಂಡಿದೀವಲ್ಲ! ನಾನು ಗಡ್ಡ ತೋರಿಸಿದೆ, ಗರಗಸ ತೋರಿಸಿದೆ, ಚಪ್ಪರದಲ್ಲಿ ನನ್ನ ಆಕಾರದ ತೂತು ತೋರಿಸಿದೆ. ಗುಮಾಸ್ತರು ಕೊನೇಗೆ ಏನೋ ಬರೆದು ಪುಸ್ತಕ ಮುಚ್ಚಿದ್ರು. ಏನು ಬರೆದ್ರು ಅಂತ ಇವತ್ತಿಗೂ ಹೇಳಿಲ್ಲ.

ಭುಜಣ್ಣ ಅಲ್ಲೇ ಇದಾನೆ. ಪಿಕ್ಚರ್ ಎರಡು ವಾರಕ್ಕೆ ಹೋಯ್ತು, ಅಣ್ಣನ್ನ ಇಳಿಸೋಕೆ ಬೀದಿಯೋರು ಬಿಡಲಿಲ್ಲ. ಬಿಸಿಲಿಗೆ ಬಣ್ಣ ಹೋಗಿದೆ, ಮಳೆಗೆ ಒಂದು ಕಿವಿ ಹೋಗಿದೆ. ನಾಲ್ಕಕ್ಕೆ ಅವನ ಎದೆಯಿಂದ ಹೂಂ ಅಂತ ಒಂದು ಸದ್ದು ಬರುತ್ತೆ, ಹೆಂಗಸರು "ಭುಜಣ್ಣ ಉಸಿರು ಬಿಟ್ಟ, ಹಾಲಿಡ್ರೇ" ಅಂತಾರೆ.

ಸಂಘದೋರು ಅತ್ತೇನ ಕ್ಷಮಿಸಿದ್ರು. ಕ್ಷಮಿಸೋದೇನು, ಗೌರವಾಧ್ಯಕ್ಷೆ ಮಾಡಿದ್ರು. ನನ್ನನ್ನ ಮಾತ್ರ ಕ್ಷಮಿಸಲಿಲ್ಲ. ಎದೆ ಕುಯ್ದ ತಪ್ಪಿಗೆ "ಗುಡುಗಪ್ಪನ ಮಗ" ಮುಗಿಯೋವರೆಗೆ ಟಾಕೀಸಿಗೆ ಕಾಲಿಡಬಾರದು, ಸೆಕೆಂಡ್ ಹಾಫ್ ಕಥೆ ಯಾರೂ ನನಗೆ ಹೇಳಬಾರದು ಅಂತ ಕರ್ಪೂರ ಮುಟ್ಟಿ ಆಣೆ ಮಾಡಿದ್ರು. ಅತ್ತೆ ಶನಿವಾರ ಬೀದಿ ಹೆಂಗಸರನ್ನೆಲ್ಲ ಕಟ್ಕೊಂಡು, ತಲೆ ಮೇಲೆ ಸೆರಗಿಲ್ಲದೆ, ಹೋಗಿ ನೋಡ್ಕೊಂಡು ಬಂದ್ಳು. ಕರ್ಚೀಫು ಒದ್ದೆ ಆಗಿತ್ತು.

"ಅತ್ತೆ, ಆ ಪೆಟ್ಟಿಗೇಲಿ ಏನಿತ್ತು?"

"ರುಬ್ಬೋ."

"ನೀನಾದ್ರೂ ಹೇಳೇ. ನಿನ್ನ ಹೋಟ್ಲಿಗೋಸ್ಕರ ತಾನೇ ಕುಯ್ದಿದ್ದು?"

"ಹೋಟ್ಲು ಬೇರೆ, ಸಂಘ ಬೇರೆ. ಆಣೆ ಮಾಡಿದೀನಿ. ರುಬ್ಬು, ರುಬ್ಬು, ನಾಲ್ಕಾಗ್ತಾ ಬಂತು."

ಎರಡು ವರ್ಷ ಆಯ್ತು. ನಾನು ಕಟಿಂಗ್ ಶಾಪಿಗೆ ಹೋದ್ರೆ ಮಾತು ನಿಲ್ಲುತ್ತೆ, ನಲ್ಲಿ ಹತ್ರ ಹೋದ್ರೆ ಹೆಂಗಸರು ನಗು ತಡ್ಕೋತಾರೆ, ಗಿಣಿ ಕೂಡ "ಪೆಟ್ಟಿಗೆ" ಅಂತ ಶುರು ಮಾಡಿ ನನ್ನ ಮುಖ ನೋಡಿ ಸುಮ್ಮನಾಗುತ್ತೆ. ಹೀಗೆ ಇಡೀ ಬೀದಿಗೆ ಬೀದಿನೇ ಒಂದು ವಿಷಯ ಮುಚ್ಚಿಟ್ಕೊಂಡು ಕೂತಿದೆ. ಹಿಟ್ಟು ಮಾತ್ರ ದಿನಾ ಉಬ್ತಾನೇ ಇದೆ.